ಗರ ಬೀಳದಿದ್ದರೆ ತಪ್ಪು ಯಾರದು?

ನಮ್ಮ ದೊಡ್ಡಮ್ಮ ಅರಸೀಕೆರೆಯಲ್ಲಿದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. 2020ರ ಲಾಕ್‌ಡೌನ್ ಹೊತ್ತಿನಲ್ಲಿ ಮೊಮ್ಮಕ್ಕಳು ಅವರ ಫೋನಿಗೆ ಒಂದು ಲೂಡೋ ಆಪ್ ಹಾಕಿಕೊಟ್ಟರು. ಅಂದಿನಿಂದ ಭಾನುವಾರ ಸಂಜೆ ನಾವು ನಾಲ್ಕು ಜನ ನಾಲ್ಕು ಊರುಗಳಿಂದ ಆಡುತ್ತೇವೆ. ಪ್ರತಿ ವಾರವೂ ಯಾವುದೋ ಒಂದು ಹೊತ್ತಿಗೆ ದೊಡ್ಡಮ್ಮನ ಅದೇ ಮಾತು ಬರುತ್ತದೆ. "ಈ ಫೋನಿಗೆ ನನ್ನ ಕಂಡ್ರೆ ಆಗಲ್ಲ ಕಣೋ. ಹತ್ತು ಸಲ ಹಾಕಿದೆ, ಒಂದು ಆರು ಬಿದ್ದಿಲ್ಲ. ನಿಂಗೆ ಮಾತ್ರ ಹೆಂಗೆ ಬೀಳ್ತದೆ?"

ಮೊದಮೊದಲು ನಕ್ಕು ಸುಮ್ಮನಾಗುತ್ತಿದ್ದೆ. ಒಂದು ದಿನ ಕೂತು ಲೆಕ್ಕ ಹಾಕಿದೆ. ಸರಿಯಾದ ದಾಳವನ್ನು ಹತ್ತು ಸಲ ಎಸೆದರೂ ಒಮ್ಮೆಯೂ ಆರು ಬೀಳದಿರುವ ಸಾಧ್ಯತೆ ಸುಮಾರು ಶೇ. 16. ಒಬ್ಬರಿಗೆ ಇದು ಅಪರೂಪ ಅನ್ನಿಸಬಹುದು. ಆದರೆ ನಾಲ್ಕು ಜನ ಆಡುವಾಗ, ತಂತಮ್ಮ ಮೊದಲ ಹತ್ತು ಎಸೆತಗಳಲ್ಲಿ ಯಾರೋ ಒಬ್ಬರಿಗಾದರೂ ಆರು ಬೀಳದಿರುವ ಸಾಧ್ಯತೆ ಶೇ. 50ಕ್ಕಿಂತ ಒಂಚೂರು ಜಾಸ್ತಿಯೇ ಇದೆ. ಅಂದರೆ ಎರಡು ಆಟಕ್ಕೊಮ್ಮೆ ಒಬ್ಬರು ಮನೆಯಿಂದ ಹೊರಗೇ ಬರದೆ ಕೂತಿರುತ್ತಾರೆ. ಮೋಸದ ದಾಳ ಬೇಕಾಗಿಲ್ಲ.

ಇದನ್ನು ದೊಡ್ಡಮ್ಮನಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಹೇಳಿದರು: "ಸರಿ. ಆ ಒಬ್ರು ಯಾವಾಗ್ಲೂ ನಾನೇ ಯಾಕೆ?"

ಆಮೇಲೆ ನನಗೆ ಹೊಳೆದದ್ದು ಬೇರೆಯೇ ವಿಷಯ. ಇದೇ ದೊಡ್ಡಮ್ಮ ಐವತ್ತು ವರ್ಷ ಚೌಕಾಬಾರ ಆಡಿದವರು. ನಾಲ್ಕು ಕವಡೆ, ಐದು ಸಾಲು ಐದು ಕಂಬದ ಮನೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಇವೆರಡರಲ್ಲಿ ಯಾವುದು ಬಿದ್ದರೂ ಇನ್ನೊಂದು ಗರ. ಕವಡೆ ನಾಣ್ಯದ ಹಾಗೆ ಎರಡೂ ಕಡೆಗೆ ಸಮನಾಗಿ ಬೀಳುತ್ತದೆ ಅಂತ ಇಟ್ಟುಕೊಂಡರೆ, ಚೌಕವೋ ಬಾರವೋ ಬೀಳುವುದು ಎಂಟಕ್ಕೆ ಒಂದು ಸಲ. ದಾಳದಲ್ಲಿ ಆರು ಬೀಳುವುದು ಆರಕ್ಕೆ ಒಂದು ಸಲ. ಲೆಕ್ಕದ ಪ್ರಕಾರ ಕವಡೆಯೇ ಜಿಪುಣ. ಆದರೂ ಕವಡೆಗೆ ತನ್ನ ಕಂಡರೆ ಆಗಲ್ಲ ಅಂತ ದೊಡ್ಡಮ್ಮ ಒಂದು ದಿನವೂ ದೂರಿದ್ದು ನನಗೆ ನೆನಪಿಲ್ಲ. ಸೋತರೆ "ಇವತ್ತು ಕೈ ಓಡ್ತಿಲ್ಲ" ಅನ್ನುತ್ತಿದ್ದರು. ಗೆದ್ದರೆ ಅದು ಅವರ ಕೈಗುಣ.

ಫೋನಿನ ಸಣ್ಣಪುಟ್ಟ ಆಟಗಳ ಬಗ್ಗೆ ಆಟಗಾರರು ಹೇಳುವ ಮಾತುಗಳನ್ನು ಸ್ವಲ್ಪ ಗಮನಿಸಿ. "ಈ ಲೆವೆಲ್ ಆಗೋದೇ ಇಲ್ಲ", "ಇದರಲ್ಲಿ ಸ್ಕಿಲ್ ಏನಿಲ್ಲ, ಬರೀ ಲಕ್", "ಬೇಕು ಅಂತಲೇ ಸೋಲಿಸ್ತಾರೆ". ಮೇಲ್ನೋಟಕ್ಕೆ ಇವೆಲ್ಲ ಆಟ ಎಷ್ಟು ಕಷ್ಟ ಅನ್ನುವುದರ ಬಗ್ಗೆ ಇವೆ. ನನಗೆ ಹಾಗನ್ನಿಸುವುದಿಲ್ಲ. ಕಷ್ಟದ ಆಟವನ್ನು ಜನ ಸಹಿಸುತ್ತಾರೆ, ಇಷ್ಟಪಟ್ಟು ಆಡುತ್ತಾರೆ. ತಡೆಯಲಾಗದೇ ಇರುವುದು, ತಾನು ಯಾಕೆ ಸೋತೆ ಅಂತ ಗೊತ್ತಾಗದ ಸೋಲು.

ಕೈಗುಣದ ಈ ನಂಬಿಕೆ ನಮ್ಮ ಕಡೆಯವರದ್ದು ಮಾತ್ರ ಅಲ್ಲ. ಜೇಮ್ಸ್ ಹೆನ್ಸ್‌ಲಿನ್ ಎಂಬ ಸಮಾಜಶಾಸ್ತ್ರಜ್ಞ ಅಮೆರಿಕದ ಸೇಂಟ್ ಲೂಯಿಸ್ ಊರಿನ ಟ್ಯಾಕ್ಸಿ ಚಾಲಕರ ಜೊತೆ ಕೂತು ಅವರು ದಾಳ ಎಸೆಯುವುದನ್ನು ನೋಡಿ 1967ರಲ್ಲಿ ಬರೆದರು. ಸಣ್ಣ ಸಂಖ್ಯೆ ಬೇಕಾದಾಗ ಅವರು ಮೆಲ್ಲಗೆ ಎಸೆಯುತ್ತಿದ್ದರು, ದೊಡ್ಡದು ಬೇಕಾದಾಗ ಜೋರಾಗಿ. 1975ರಲ್ಲಿ ಎಲೆನ್ ಲ್ಯಾಂಗರ್ ಎಂಬ ಮನಶ್ಶಾಸ್ತ್ರಜ್ಞೆ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಒಂದು ಡಾಲರಿನ ಲಾಟರಿ ಚೀಟಿಯನ್ನು ಕೆಲವರು ತಾವೇ ಆರಿಸಿಕೊಂಡರು, ಕೆಲವರಿಗೆ ಸುಮ್ನೆ ಕೊಟ್ಟರು. ಆಮೇಲೆ ವಾಪಸ್ ಮಾರುತ್ತೀರಾ ಅಂತ ಕೇಳಿದಾಗ, ತಾವೇ ಆರಿಸಿಕೊಂಡವರು ಕೇಳಿದ ಬೆಲೆ ಉಳಿದವರಿಗಿಂತ ನಾಲ್ಕು ಪಟ್ಟಿಗೂ ಜಾಸ್ತಿ ಇತ್ತು. ಚೀಟಿ ಅದೇ, ಬಹುಮಾನ ಅದೇ. ಮುಟ್ಟಿದ ಕೈ ಮಾತ್ರ ಬೇರೆ.

ಫೋನಿನ ದಾಳವನ್ನು ನಾವು ಎಸೆಯುವುದಿಲ್ಲ. ಬೆರಳಿನಿಂದ ತಟ್ಟುತ್ತೇವೆ, ಎಸೆಯುವುದು ಬೇರೆ ಯಾರೋ. ಸೋಲನ್ನು ಕೈ ಮೇಲೆ ಹಾಕಿಕೊಳ್ಳುವ ದಾರಿ ಅಲ್ಲಿಗೆ ಮುಚ್ಚಿತು. ಉಳಿದದ್ದು ಅನುಮಾನ. ದಾಳದ ಮೇಲೆ ಅನುಮಾನ ಪಡುವುದು ನಮಗೇನು ಹೊಸದಲ್ಲ ಬಿಡಿ, ಶಕುನಿಯ ಕಥೆ ಕೇಳಿ ಬೆಳೆದವರು ನಾವು. ಆದರೆ ಶಕುನಿ ಕಣ್ಣೆದುರಿಗಾದರೂ ಕೂತಿದ್ದ.

ಹಾಗಂತ ಈ ಅನುಮಾನವನ್ನು ಮೂಢನಂಬಿಕೆ ಅಂತ ತಳ್ಳಿಹಾಕುವುದು ತಪ್ಪು. ಆಟ ಮಾಡುವವರು ಅದೃಷ್ಟವನ್ನು ತಿದ್ದುತ್ತಾರೆ. ಅದು ಗುಟ್ಟೂ ಅಲ್ಲ. ಟೆಟ್ರಿಸ್ ನೋಡಿ. ಮೇಲಿನಿಂದ ಬೀಳುವ ತುಂಡುಗಳನ್ನು ಸಾಲಾಗಿ ಜೋಡಿಸಬೇಕಾದ, 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿಟ್ನೋವ್ ಮಾಡಿದ ಆಟ. ಹಳೆಯ ಆವೃತ್ತಿಗಳಲ್ಲಿ ಉದ್ದ ಕೋಲಿನ ತುಂಡಿಗಾಗಿ ಎಷ್ಟು ಹೊತ್ತು ಬೇಕಾದರೂ ಕಾಯಬೇಕಾಗಿ ಬರುತ್ತಿತ್ತು. ಈಗಿನ ಟೆಟ್ರಿಸ್‌ನಲ್ಲಿ ಏಳು ಬಗೆಯ ತುಂಡುಗಳನ್ನೂ ಒಂದು ಚೀಲಕ್ಕೆ ಹಾಕಿ ಕುಲುಕಿ ಒಂದೊಂದಾಗಿ ಕೊಟ್ಟ ಹಾಗೆ ಲೆಕ್ಕ ಇದೆ. ಏಳೂ ಮುಗಿದ ಮೇಲೆ ಚೀಲ ಮತ್ತೆ ತುಂಬುತ್ತದೆ. ಹಾಗಾಗಿ ಒಂದು ಕೋಲಿಗೂ ಮುಂದಿನ ಕೋಲಿಗೂ ನಡುವೆ ಹೆಚ್ಚೆಂದರೆ ಹನ್ನೆರಡು ತುಂಡು. ನಿಜವಾದ ಅದೃಷ್ಟ ಹೀಗೆ ನಡೆದುಕೊಳ್ಳುವುದಿಲ್ಲ. ಆದರೆ ಆಟಗಾರರು ಇದನ್ನೇ ನ್ಯಾಯ ಅನ್ನುತ್ತಾರೆ, ಮುಂದಿನ ತುಂಡು ಯಾವುದು ಅಂತ ಅಂದಾಜು ಮಾಡುವುದೇ ಒಂದು ಜಾಣ್ಮೆಯೂ ಆಗಿದೆ.

ಸಿವಿಲೈಸೇಷನ್ ಆಟಗಳನ್ನು ಮಾಡಿದ ಸಿಡ್ ಮೈಯರ್ 2010ರ ಒಂದು ಭಾಷಣದಲ್ಲಿ ಇಂಥದ್ದೇ ಅನುಭವ ಹೇಳಿಕೊಂಡಿದ್ದರು. ತಮ್ಮ ಬಲ ಎದುರಾಳಿಯ ಮೂರರಷ್ಟಿದ್ದಾಗ ಸೋತರೆ ಆಟಗಾರರು ಸಿಟ್ಟಾಗುತ್ತಿದ್ದರಂತೆ. ನಾಲ್ಕು ಸಲದಲ್ಲಿ ಒಮ್ಮೆ ಸೋಲುವುದು ಲೆಕ್ಕದಲ್ಲೇ ಇದೆ, ಆದರೂ ಅವರ ಮನಸ್ಸಿಗೆ ಅದು ಮೋಸ. ಅದೇ ಎದುರಾಳಿಯ ಬಲ ತಮ್ಮ ಮೂರರಷ್ಟಿದ್ದು ತಾವು ಗೆದ್ದರೆ ಯಾರೂ ತಕರಾರು ಮಾಡುತ್ತಿರಲಿಲ್ಲ. ಕೊನೆಗೆ ಅವರು ಲೆಕ್ಕವನ್ನು ಆಟಗಾರರ ಮನಸ್ಸಿಗೆ ತಕ್ಕಂತೆ ತಿದ್ದಿದರು.

ಅಂದರೆ ವಿಷಯ ಹೀಗಿದೆ: ತಿದ್ದದ ದಾಳ ಮೋಸದ್ದು ಅನ್ನಿಸುತ್ತದೆ, ತಿದ್ದಿದ ದಾಳ ಪ್ರಾಮಾಣಿಕ ಅನ್ನಿಸುತ್ತದೆ. ಆಟಗಾರರ ಅಭಿಪ್ರಾಯವೊಂದನ್ನೇ ನಂಬಿ ಆಟ ಹೇಗಿದೆ ಅಂತ ಹೇಳುವುದಕ್ಕೆ ಬರುವುದಿಲ್ಲ.

ಇದಕ್ಕೆ ವರ್ಡಲ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಜೋಶ್ ವಾರ್ಡಲ್ ತನ್ನ ಸಂಗಾತಿ ಪಲಕ್ ಶಾ ಅವರಿಗಾಗಿ ಮಾಡಿದ ಪದದಾಟ ಅದು. ಐದಕ್ಷರದ ಇಂಗ್ಲಿಷ್ ಪದ, ಆರು ಊಹೆ, ದಿನಕ್ಕೆ ಒಂದೇ ಆಟ. ಇಂಗ್ಲಿಷಿನಲ್ಲಿ ಐದಕ್ಷರದ ಪದಗಳು ಸುಮಾರು 12,000 ಇವೆ. ಅದರಲ್ಲಿ ತನಗೆ ಗೊತ್ತಿರುವುದು ಯಾವುದು, ಇಲ್ಲದ್ದು ಯಾವುದು ಅಂತ ಪಲಕ್ ಬೇರೆ ಮಾಡಿಕೊಟ್ಟರು. ಉತ್ತರದ ಪಟ್ಟಿ 2,300ರ ಆಸುಪಾಸಿಗೆ ಇಳಿಯಿತು. 2021ರ ಅಕ್ಟೋಬರ್‌ನಲ್ಲಿ ಆಟ ಎಲ್ಲರಿಗೂ ಸಿಕ್ಕಿತು. 2022ರ ಜನವರಿ ಕೊನೆಗೆ ನ್ಯೂಯಾರ್ಕ್ ಟೈಮ್ಸ್ ಅದನ್ನು ಕೊಂಡುಕೊಂಡಿತು.

ಫೆಬ್ರವರಿಯಲ್ಲಿ ಗಲಾಟೆ ಶುರುವಾಯಿತು. 'ಕಾಕ್' (caulk), 'ಸ್ವಿಲ್' (swill), 'ಟ್ಯಾಸಿಟ್' (tacit) ಅಂಥ ಪದಗಳು ಬಂದವು. ಟೈಮ್ಸ್‌ನವರು ಆಟವನ್ನು ಕಷ್ಟ ಮಾಡಿಬಿಟ್ಟರು, ದೊಡ್ಡವರ ಕೈಗೆ ಹೋಗಿ ಹಾಳಾಯಿತು ಅಂತ ಸಾವಿರಾರು ಜನ ಬೈದರು. ನಿಜ ಏನೆಂದರೆ ಆ ಪದಗಳೆಲ್ಲ ವಾರ್ಡಲ್ ಮಾಡಿದ್ದ ಪಟ್ಟಿಯಲ್ಲೇ ಸಾಲಾಗಿ ನಿಂತಿದ್ದವು. ಪುಟದ ಕೋಡ್ ತೆರೆದು ನೋಡಿದರೆ ಯಾರಿಗೆ ಬೇಕಾದರೂ ಕಾಣುತ್ತಿತ್ತು. ಟೈಮ್ಸ್ ಮಾಡಿದ ಬದಲಾವಣೆ ಏನೆಂದರೆ ಕೆಲವು ಪದಗಳನ್ನು ತೆಗೆದದ್ದು, ಅದರಲ್ಲೂ ಕೆಲವು ಅಪರೂಪದವು. ಬದಲಾಗಿದ್ದರೆ ಸುಲಭದ ಕಡೆಗೇ ಬದಲಾಗಿತ್ತು.

ಹಾಗಾದರೆ ಆ ಸಾವಿರಾರು ಜನ ಸುಳ್ಳು ಹೇಳಿದರಾ? ಇಲ್ಲ. ಅವರಿಗೆ ನಿಜವಾಗಿಯೂ ಕಷ್ಟವಾಗಿತ್ತು. ಒಬ್ಬ ಪ್ರೇಮಿ ತನ್ನ ಹುಡುಗಿಗಾಗಿ ಮಾಡಿದ ಆಟದಲ್ಲಿ ಸೋತರೆ "ಛೇ, ಹೊಳೀಲಿಲ್ಲ" ಅನ್ನುತ್ತೇವೆ. ಕಂಪನಿಯ ಆಟದಲ್ಲಿ ಸೋತರೆ "ಏನೋ ಮಾಡಿದ್ದಾರೆ" ಅನ್ನುತ್ತೇವೆ. ಪದ ಅದೇ, ಸೋಲೂ ಅದೇ. ತಪ್ಪು ಹೊರಿಸುವುದಕ್ಕೆ ಒಂದು ಹೊಸ ವಿಳಾಸ ಸಿಕ್ಕಿತ್ತು, ಅಷ್ಟೇ.

ಸರಿ, ಈಗ ಕ್ಯಾಂಡಿ ಕ್ರಷ್‌ಗೆ ಬರೋಣ. ಇಲ್ಲಿ ವಿಷಯ ಅಷ್ಟು ಸರಳ ಇಲ್ಲ.

ಒಂದೇ ಬಣ್ಣದ ಮಿಠಾಯಿ ಮೂರು ಜೋಡಿಸಿ ಒಡೆಯುವ, ಕಿಂಗ್ ಕಂಪನಿಯ ಈ ಆಟ 2012ರಲ್ಲಿ ಮೊದಲು ಫೇಸ್‌ಬುಕ್‌ನಲ್ಲಿ ಬಂತು, ಅದೇ ವರ್ಷದ ಕೊನೆಗೆ ಫೋನಿಗೆ. ಆಡುವುದು ಉಚಿತ. ಐದು ಜೀವ, ಒಂದು ಜೀವ ಹೋದರೆ ಮತ್ತೆ ತುಂಬಲು ಅರ್ಧ ಗಂಟೆ. ಒಂದು ಹಂತದಲ್ಲಿ ಇಷ್ಟೇ ನಡೆ ಅಂತ ಮಿತಿ. ಅದರೊಳಗೆ ಮುಗಿಯದಿದ್ದರೆ ಪರದೆ ಕೇಳುತ್ತದೆ: ಇನ್ನೂ ಐದು ನಡೆ ಬೇಕಾ? ಈ ಐದು ನಡೆಗೆ ಚಿನ್ನದ ಗಟ್ಟಿ ಬೇಕು, ಗಟ್ಟಿ ಖಾಲಿಯಾಗಿದ್ದರೆ ದುಡ್ಡು ಬೇಕು. ಈ ಸಣ್ಣ ಪ್ರಶ್ನೆಯ ಮೇಲೆ ನಿಂತ ಕಂಪನಿಯನ್ನು ಆಕ್ಟಿವಿಷನ್ ಬ್ಲಿಝರ್ಡ್ 590 ಕೋಟಿ ಡಾಲರ್ ಕೊಟ್ಟು ಕೊಂಡಿತು.

ಮೊದಲ ದಿನಗಳಲ್ಲಿ 65ನೇ ಹಂತ ಕುಖ್ಯಾತವಾಗಿತ್ತು. ಅಲ್ಲಿಗೆ ಬಂದು ವಾರಗಟ್ಟಲೆ ನಿಂತವರು ಲೆಕ್ಕವಿಲ್ಲ. ಆಮೇಲೆ ಕಂಪನಿ ಅದನ್ನು ಸುಲಭ ಮಾಡಿತು. ಅಲ್ಲಿಂದ ಮುಂದೆ ಇವರು ಕಷ್ಟವನ್ನು ಅಳೆಯುವ ಕೆಲಸವನ್ನೇ ದೊಡ್ಡದಾಗಿ ಕಲಿತರು. 2018ರಲ್ಲಿ ಕಿಂಗ್‌ನ ಸಂಶೋಧಕರು ಪ್ರಕಟಿಸಿದ ಒಂದು ಪ್ರಬಂಧದ ಪ್ರಕಾರ, ಜನ ಆಡಿದ ನಡೆಗಳನ್ನು ಕಂಪ್ಯೂಟರಿಗೆ ಕಲಿಸಿ, ಹೊಸ ಹಂತವೊಂದನ್ನು ಜನರ ಮುಂದೆ ಇಡುವ ಮೊದಲೇ ಮನುಷ್ಯರಿಗೆ ಅದು ಎಷ್ಟು ಕಷ್ಟವಾಗುತ್ತದೆ ಅಂತ ಅಂದಾಜು ಮಾಡಬಹುದು. ಅಂದರೆ ನೀವು ಎಷ್ಟು ಸಲ ಸೋಲಬಹುದು ಅನ್ನುವ ಲೆಕ್ಕ ನೀವು ಸೋಲುವ ಮೊದಲೇ ಅವರ ಬಳಿ ಇರಬಹುದು.

ಇನ್ನೊಂದು ಪ್ರಬಂಧ ನನಗೆ ಇದಕ್ಕಿಂತ ಜಾಸ್ತಿ ಕುತೂಹಲದ್ದು. ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯ ಸಂಶೋಧಕರು 2017ರಲ್ಲಿ ಬರೆದದ್ದು. ಮೂರು ಜೋಡಿಸುವ ಇಂಥದ್ದೇ ಒಂದು ಆಟದಲ್ಲಿ ಅವರು ಪ್ರಯೋಗ ಮಾಡಿದರು. ಒಂದೇ ಹಂತದಲ್ಲಿ ಬಣ್ಣಗಳು ಬೀಳುವ ಸರದಿ ಒಂದೊಂದು ಸಲ ಒಂದೊಂದು ಥರ ಇರುತ್ತದೆ, ಅಲ್ವಾ? ಆ ಸರದಿಗಳಲ್ಲಿ ಕೆಲವು ಸುಲಭ, ಕೆಲವು ಕಷ್ಟ. ಸೋತು ಸೋತು ಆಟ ಬಿಡುವ ಹಾಗಿರುವವನಿಗೆ ಸುಲಭದ ಸರದಿ ಕೊಟ್ಟರೆ? ಕೊಟ್ಟರು. ಜನ ಆಟದಲ್ಲಿ ತೊಡಗುವುದು ಶೇ. 9ರವರೆಗೂ ಹೆಚ್ಚಿತು. ಆಟಗಾರನಿಗೆ ಕಂಡದ್ದು ಇಷ್ಟು: ಹನ್ನೆರಡು ಸಲ ಸೋತೆ, ಹದಿಮೂರನೇ ಸಲ ಗೆದ್ದೆ, ಕೊನೆಗೂ ಕಲಿತೆ.

ಇದನ್ನು ಓದಿದ ಮೇಲೆ "ಈ ಲೆವೆಲ್ ನಾನು ನನ್ನ ಬುದ್ಧಿಯಿಂದ ದಾಟಿದೆ" ಅಂತ ಯಾರಾದರೂ ಹೇಳಿದರೆ ನನಗೆ ಒಳಗೊಳಗೇ ಅಳುಕು. ಕ್ಯಾಂಡಿ ಕ್ರಷ್ ಹೀಗೆ ಮಾಡುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಇಂಥ ಆಟದಲ್ಲಿ ಗೆಲುವಿನ ಎಷ್ಟು ಪಾಲು ತನ್ನದು ಅಂತ ಆಟಗಾರ ಒಳಗಿನಿಂದ ಕಂಡುಹಿಡಿಯಲಾರ. ದಡ್ಡನಿಗೂ ಜಾಣನಿಗೂ ಒಂದೇ ಹೊಗಳಿಕೆ, ಒಂದೇ ಪಟಾಕಿ. ಸೋಲಿನಲ್ಲೂ ಅದೇ ಕಥೆ. "ಒಂದೇ ಒಂದು ನಡೆ ಇದ್ದಿದ್ದರೆ ಆಗಿಬಿಡ್ತಿತ್ತು" ಅನ್ನುವ ಸೋಲು ಜಾಣ್ಮೆಯ ಕೊರತೆಯ ಥರ ಕಾಣುವುದಿಲ್ಲ, ನಡೆಗಳ ಕೊರತೆಯ ಥರ ಕಾಣುತ್ತದೆ. ನಡೆ ಅಂಗಡಿಯಲ್ಲಿ ಸಿಗುತ್ತದೆ.

ಕ್ಯಾಂಡಿ ಕ್ರಷ್‌ನಲ್ಲಿ ಕೆಲವು ಹಂತಗಳಿಗೆ ಈಗ ಮೊದಲೇ ಹಣೆಪಟ್ಟಿ ಅಂಟಿಸಿರುತ್ತಾರೆ: ಇದು ಕಷ್ಟದ ಹಂತ, ಇದು ಭಾರೀ ಕಷ್ಟದ ಹಂತ ಅಂತ. ಇದು ಎಷ್ಟು ಜಾಣ ಕೆಲಸ ಅಂದರೆ ಮೆಚ್ಚದೆ ಇರಲಾಗದು. ಹಣೆಪಟ್ಟಿ ಇದ್ದರೆ ಸೋತಾಗ ಅವಮಾನ ಇಲ್ಲ, ಗೆದ್ದಾಗ ಹೆಮ್ಮೆ ಎರಡರಷ್ಟು. ಆಟಗಾರ ದೂರುವ ಮೊದಲೇ ಅವನ ದೂರನ್ನು ಆಟವೇ ಒಪ್ಪಿಕೊಂಡುಬಿಟ್ಟಿರುತ್ತದೆ.

ಇದಕ್ಕೆ ಪೂರ್ತಿ ಎದುರು ನಿಲ್ಲುವುದು ಫ್ಲಾಪಿ ಬರ್ಡ್. ವಿಯೆಟ್ನಾಮಿನ ಡಾಂಗ್ ನ್ಗುಯೆನ್ 2013ರಲ್ಲಿ ಮಾಡಿದ್ದು. ಒಂದು ಹಕ್ಕಿ, ಸಾಲು ಕೊಳವೆಗಳು, ಬೆರಳು ತಟ್ಟಿದರೆ ಹಾರುತ್ತದೆ, ಇಲ್ಲದಿದ್ದರೆ ಬೀಳುತ್ತದೆ. ಹೆಚ್ಚಿನವರು ಮೊದಲ ಕೊಳವೆಯಲ್ಲೇ ಸತ್ತರು. ಜೀವ ಕೊಳ್ಳುವುದಕ್ಕಿಲ್ಲ, ಹಂತ ಇಲ್ಲ, ಕರುಣೆಯೂ ಇಲ್ಲ. 2014ರ ಜನವರಿಯಲ್ಲಿ ಜಗತ್ತೆಲ್ಲ ಅದನ್ನೇ ಆಡುತ್ತಿತ್ತು. ಬೈದರು, ಫೋನ್ ಎಸೆಯುತ್ತೇನೆ ಅಂದರು, ಆದರೆ ಆಟ ಮೋಸ ಮಾಡಿತು ಅಂತ ಯಾರಾದರೂ ಅಂದದ್ದು ನಾನು ಕೇಳಿಲ್ಲ. ತಪ್ಪು ಬೆರಳಿನದೇ ಅಂತ ಪ್ರತಿ ಸಲವೂ ಕಣ್ಣಿಗೆ ಕಾಣುತ್ತಿತ್ತು. ಜಾಹೀರಾತಿನಿಂದ ದಿನಕ್ಕೆ 50,000 ಡಾಲರ್ ಬರುತ್ತಿದೆ ಅಂತ ಹೇಳಿಕೊಂಡಿದ್ದ ಮನುಷ್ಯ, ಜನ ಇದಕ್ಕೆ ಅಂಟಿಕೊಂಡುಬಿಟ್ಟರು ಅಂತ ಫೆಬ್ರವರಿಯಲ್ಲಿ ಆಟವನ್ನೇ ತೆಗೆದುಹಾಕಿದ.

ಅದೇ ವರ್ಷ ಇನ್ನೊಂದು ಘಟನೆ. ತ್ರೀಸ್ ಎಂಬ ಸಂಖ್ಯೆ ಜೋಡಿಸುವ ಆಟವನ್ನು ಅದರ ತಂಡ ಹದಿನಾಲ್ಕು ತಿಂಗಳು ಕೂತು ಕಡೆದಿತ್ತು. ಬಂದ ಒಂದೇ ತಿಂಗಳಲ್ಲಿ ಇಟಲಿಯ ಹತ್ತೊಂಬತ್ತರ ಹುಡುಗ ಗೇಬ್ರಿಯೆಲೆ ಚಿರುಲ್ಲಿ ಒಂದು ವಾರಾಂತ್ಯದಲ್ಲಿ 2048 ಮಾಡಿ ಉಚಿತವಾಗಿ ಹಂಚಿದ. ಎಲ್ಲವನ್ನೂ ಒಂದು ಮೂಲೆಗೆ ತಳ್ಳುತ್ತಾ ಹೋದರೆ 2048ರಲ್ಲಿ ಬಹಳ ದೂರ ಹೋಗಬಹುದು. ತಮ್ಮ ಆಟದಲ್ಲಿ ಇಂಥ ಕಳ್ಳದಾರಿಗಳನ್ನು ಮುಚ್ಚುವುದಕ್ಕೇ ತಿಂಗಳುಗಟ್ಟಲೆ ಹಿಡಿಯಿತು ಅಂತ ತ್ರೀಸ್‌ನವರು ನೊಂದು ಬರೆದರು. ಅವರು ಹೇಳಿದ್ದು ಸರಿ. ಆದರೆ ಇವತ್ತು ನಿಮ್ಮ ಪಕ್ಕದವರನ್ನು ಕೇಳಿ, ಅವರಿಗೆ ಗೊತ್ತಿರುವುದು 2048. ಮೂಲೆಗೆ ತಳ್ಳುವ ಉಪಾಯ ಆಟದ ದೋಷ ಅಂತ ಆಟಗಾರರಿಗೆ ಅನ್ನಿಸಲಿಲ್ಲ. ತಾವೇ ಕಂಡುಹಿಡಿದ ಜಾಣ್ಮೆ ಅನ್ನಿಸಿತು.

ಮನುಷ್ಯರ ಎದುರು ಮನುಷ್ಯರು ಆಡುವ ಆಟಗಳಲ್ಲಿ ಇದು ಬೇರೆ ರೂಪ ತಾಳುತ್ತದೆ. ಅಲ್ಲಿ ನಿಮ್ಮ ಮಟ್ಟಕ್ಕೆ ತಕ್ಕ ಎದುರಾಳಿಯನ್ನು ಹುಡುಕಿಕೊಡುವ ಲೆಕ್ಕ ಇರುತ್ತದೆ. ಮೂಲ ಚದುರಂಗದ್ದು, ಆರ್ಪಾಡ್ ಎಲೋ ರೂಪಿಸಿದ ರೇಟಿಂಗ್. 200 ಅಂಕ ಮೇಲಿದ್ದರೆ ನಿಮಗೆ ಸಿಗಬೇಕಾದ ಫಲ ಶೇ. 76ರಷ್ಟು. ಗೆದ್ದರೆ ಅಂಕ ಏರುತ್ತದೆ, ಏರಿದರೆ ಎದುರಾಳಿ ಗಟ್ಟಿಯಾಗುತ್ತಾನೆ, ಮತ್ತೆ ಗೆಲುವು ಅರ್ಧಕ್ಕರ್ಧಕ್ಕೆ ಬಂದು ನಿಲ್ಲುತ್ತದೆ. ಮೂರು ವರ್ಷ ಆಡಿ ನಿಜಕ್ಕೂ ಪಳಗಿದವರೂ ಎರಡರಲ್ಲಿ ಒಂದು ಆಟ ಸೋಲುತ್ತಲೇ ಇರುತ್ತಾರೆ. ಅದಕ್ಕೇ "ಎಷ್ಟು ಆಡಿದ್ರೂ ಅಷ್ಟೇ" ಅನ್ನುವ ಬೇಸರ. ಊರಲ್ಲಿ ಹುಲಿ-ಕುರಿ ಆಟದಲ್ಲಿ ಪಳಗಿದವನಿಗೆ ಹೀಗಾಗುತ್ತಿರಲಿಲ್ಲ. ಅವನು ಕಟ್ಟೆಯ ಮೇಲೆ ಕೂತ ಎಲ್ಲರನ್ನೂ ಸೋಲಿಸುತ್ತಿದ್ದ, ಊರಿಗೆಲ್ಲ ಅದು ಗೊತ್ತಿರುತ್ತಿತ್ತು.

ಇನ್ನು ಕೆಲವು ಆಟಗಳಲ್ಲಿ ಎದುರಾಳಿ ಮನುಷ್ಯನೇ ಅಲ್ಲ. ಫೋರ್ಟ್‌ನೈಟ್ 2019ರಲ್ಲಿ ತನ್ನ ಆಟಕ್ಕೆ ಬಾಟ್‌ಗಳನ್ನು, ಅಂದರೆ ಕಂಪ್ಯೂಟರೇ ಆಡಿಸುವ ಆಟಗಾರರನ್ನು, ಸೇರಿಸುವುದಾಗಿ ಹೇಳಿಯೇ ಸೇರಿಸಿತು. ಎಲ್ಲರೂ ಹಾಗೆ ಹೇಳುವುದಿಲ್ಲ. ಪರದೆ ತುಂಬ ಬೇರೆ ಬೇರೆ ದೇಶಗಳ ಬಾವುಟ ಹಿಡಿದ ಹೆಸರುಗಳಿರುವ ಪುಟ್ಟ ಆಟವೊಂದನ್ನು ನನ್ನ ಮಗಳು ಆಡುತ್ತಿದ್ದಳು. ಪ್ರತಿ ಸಲವೂ ಮೊದಲ ಸ್ಥಾನ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಆಡು ಅಂದೆ. ನೆಟ್ ಇಲ್ಲದೆಯೂ ಜಗತ್ತಿನ ಆಟಗಾರರೆಲ್ಲ ಹಾಜರಿದ್ದರು. ಅವಳ ಮುಖ ನೋಡಿ, ಯಾಕಾದರೂ ಹೇಳಿದೆನೋ ಅನ್ನಿಸಿತು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಹೊತ್ತು ಕಳೆಯುವ ಆಟಗಳ ಮಾತು. ಹಣ ಬಂದರೆ "ಸ್ಕಿಲ್" ಅನ್ನುವ ಪದಕ್ಕೆ ಬೇರೆಯೇ ತೂಕ. ಆ ಕಥೆಯ ಒಂದು ತುದಿ ಬೆಂಗಳೂರಿನಲ್ಲಿದೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ 'ಸ್ಪೋರ್ಟಿಂಗ್ ಸ್ಟಾರ್' ಎಂಬ ಪತ್ರಿಕೆ ಬೆಂಗಳೂರಿನಲ್ಲಿ ಅಚ್ಚಾಗುತ್ತಿತ್ತು. ಅದರಲ್ಲಿ ಚಮರ್‌ಬಾಗ್‌ವಾಲಾ ಅವರ ಬಹುಮಾನದ ಪದಬಂಧ. ಸುಳಿವಿಗೆ ಹೊಂದುವ ಪದ ಒಂದಕ್ಕಿಂತ ಹೆಚ್ಚು ಇರುತ್ತಿತ್ತು. ಸಂಪಾದಕರ ಬಳಿ ಮೊದಲೇ ಇಟ್ಟ ಉತ್ತರಕ್ಕೆ ನಿಮ್ಮದು ಹೊಂದಿದರೆ ಬಹುಮಾನ. ಮುಂಬೈ ಸರ್ಕಾರ ತೆರಿಗೆ ಹಾಕಹೋಗಿ ವಿಷಯ ಸುಪ್ರೀಂ ಕೋರ್ಟ್ ಮುಟ್ಟಿತು. ಇದು ಜಾಣ್ಮೆಯ ಆಟ ಅಲ್ಲ, ಜೂಜು ಅಂತ 1957ರಲ್ಲಿ ಕೋರ್ಟ್ ಹೇಳಿತು. ಅದರ ಜೊತೆಯ ಇನ್ನೊಂದು ತೀರ್ಪಿನಲ್ಲಿ, ಗೆಲುವು ಹೆಚ್ಚಾಗಿ ಜಾಣ್ಮೆಯ ಮೇಲೆ ನಿಂತಿದ್ದರೆ ಅದು ಬೇರೆ ಮಾತು ಅಂತಲೂ ಹೇಳಿತು. 1967ರಲ್ಲಿ ಸಿಕಂದರಾಬಾದಿನ ಒಂದು ಕ್ಲಬ್ಬಿನ ಪ್ರಕರಣದಲ್ಲಿ ರಮ್ಮಿ ಈ ಸಾಲಿಗೆ ಸೇರಿತು. ಯಾವ ಎಲೆ ಬಿತ್ತು ಅಂತ ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಯಾವುದನ್ನು ಬಿಡಬೇಕು ಅಂತ ಗೊತ್ತಿರಬೇಕು, ಆದ್ದರಿಂದ ಅದು ಮುಖ್ಯವಾಗಿ ಜಾಣ್ಮೆಯ ಆಟ.

ಆನ್‌ಲೈನ್ ರಮ್ಮಿ ಕಂಪನಿಗಳು ಬೆಳೆದದ್ದು ಈ ಸಾಲಿನ ಮೇಲೆ. ಕರ್ನಾಟಕ 2021ರ ಅಕ್ಟೋಬರ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಜಾಣ್ಮೆಯ ಆಟವನ್ನೂ ಜೂಜನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಅನ್ನುವುದು ಅದರ ಸಾರ. 2025ರ ಆಗಸ್ಟ್‌ನಲ್ಲಿ ಸಂಸತ್ತು ತಕ್ಕಡಿಯನ್ನೇ ಎತ್ತಿಟ್ಟಿತು. ಜಾಣ್ಮೆಯದ್ದಿರಲಿ, ಅದೃಷ್ಟದ್ದಿರಲಿ, ಎರಡೂ ಬೆರೆತದ್ದಿರಲಿ, ಹಣ ಗೆಲ್ಲುವ ಆಸೆಯಿಂದ ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಡೆಸುವಂತಿಲ್ಲ. ನಡೆಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಕಂಪನಿಯೊಂದು ಕರ್ನಾಟಕ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಬೇರೆ ಬೇರೆ ಹೈಕೋರ್ಟುಗಳ ಇಂಥ ಅರ್ಜಿಗಳನ್ನು ತನ್ನ ಬಳಿಗೆ ತರಿಸಿಕೊಂಡಿತು.

ಕಾನೂನಿನ ವಾದ ಅವರಿಗೆ ಬಿಡೋಣ. ನನಗೆ ಕಾಣುವುದು ಆಟಗಾರನ ಕಡೆಯ ಒಂದು ವಿಚಿತ್ರ. ರಮ್ಮಿಯಲ್ಲಿ ಜಾಣ್ಮೆ ಇದೆ, ಅನುಮಾನವೇ ಇಲ್ಲ. ಆದರೆ "ಇದು ಸ್ಕಿಲ್" ಅನ್ನುವ ಮಾತು ಕೋರ್ಟಿನಲ್ಲಿ ಮಾಡುವ ಕೆಲಸವೇ ಬೇರೆ, ರಾತ್ರಿ ಎರಡು ಗಂಟೆಗೆ ಸೋತು ಕೂತವನ ತಲೆಯಲ್ಲಿ ಮಾಡುವ ಕೆಲಸವೇ ಬೇರೆ. ಲಾಟರಿಯಲ್ಲಿ ಕಳೆದುಕೊಂಡವನು ಹಣೆಬರಹ ಅಂತ ಎದ್ದುಹೋಗಬಹುದು. ಸ್ಕಿಲ್ ಅಂತ ನಂಬಿದವನು ಏಳುವುದಿಲ್ಲ. ಕಲಿತರೆ ಹೋದದ್ದು ವಾಪಸ್ ಬರುತ್ತದೆ ಅಂತ ಅವನಿಗೆ ಹೇಳಿಕೊಟ್ಟಿದ್ದಾರೆ.

ಒಂದು ಲೆಕ್ಕ ಮಾಡಿ ನೋಡಿ. ಇಬ್ಬರು ತಲಾ 100 ರೂಪಾಯಿ ಇಡುತ್ತಾರೆ, ಆಟ ನಡೆಸುವವನು ಶೇ. 10 ತೆಗೆದುಕೊಳ್ಳುತ್ತಾನೆ ಅಂತಿಟ್ಟುಕೊಳ್ಳಿ. ಗೆದ್ದವನಿಗೆ 180. ಕೈಯಿಂದ ಹೋಗದೆ ಸಮ ಆಗಬೇಕಾದರೂ ನೂರರಲ್ಲಿ 56 ಆಟ ಗೆಲ್ಲಬೇಕು. ಈಗ ಹಿಂದೆ ಹೇಳಿದ ಎದುರಾಳಿ ಹುಡುಕುವ ಲೆಕ್ಕವನ್ನು ಇದರ ಪಕ್ಕ ಇಡಿ. ಸಮ ಜಾಣರನ್ನೇ ಎದುರು ಬದುರು ಕೂರಿಸಿದರೆ ಇಬ್ಬರೂ 50ರ ಹತ್ತಿರ ಇರುತ್ತಾರೆ, ಇಬ್ಬರೂ ನಿಧಾನವಾಗಿ ಸೋಲುತ್ತಾರೆ. ಜೋಡಿ ಎಷ್ಟು ನ್ಯಾಯವಾಗಿದ್ದರೆ ಈ ಸೋಲು ಅಷ್ಟು ಖಚಿತ. ಆಟದಲ್ಲಿ ಜಾಣ್ಮೆ ಇದೆ ಅನ್ನುವುದೂ ನಿಜ, ಜಾಣ್ಮೆಯಿಂದ ಅವನ ಜೇಬು ತುಂಬುವುದಿಲ್ಲ ಅನ್ನುವುದೂ ನಿಜ.

ಕ್ಯಾಂಡಿಯ ಆ ಐದು ನಡೆಗಳನ್ನು ಈ ಕಾನೂನು ಮುಟ್ಟುವುದಿಲ್ಲ. ಅಲ್ಲಿ ಹಣ ಕೊಡುತ್ತೀರಿ, ಆದರೆ ಹಣ ಗೆಲ್ಲುವ ಆಸೆ ಇಲ್ಲ. ಕಾನೂನಿನ ಪ್ರಶ್ನೆ ಏನು ಗೆಲ್ಲಬಹುದು ಅನ್ನುವುದು, ಆಟಗಾರನ ಪ್ರಶ್ನೆ ಯಾಕೆ ಸೋತೆ ಅನ್ನುವುದು. ಎರಡನೆಯದಕ್ಕೆ ಉತ್ತರ ಕೊಡಿ ಅಂತ ಯಾರೂ ಯಾರನ್ನೂ ಬಲವಂತ ಮಾಡಿಲ್ಲ. ಹಾಗೆ ಮಾಡಲಾಗದು ಅಂತೇನಿಲ್ಲ. ದುಡ್ಡು ಕೊಟ್ಟು ತೆರೆಯುವ ಅದೃಷ್ಟದ ಪೆಟ್ಟಿಗೆಗಳಲ್ಲಿ ಯಾವುದು ಸಿಗುವ ಸಾಧ್ಯತೆ ಎಷ್ಟು ಅಂತ ತೋರಿಸಲೇಬೇಕು ಎಂಬ ನಿಯಮ ಚೀನಾದಲ್ಲಿ 2017ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಆಪಲ್ ತನ್ನ ಆಪ್ ಸ್ಟೋರ್‌ಗೂ ಅದನ್ನು ತಂದಿತು. ಪೆಟ್ಟಿಗೆಗೆ ಆಗುವುದಾದರೆ ಹಂತಕ್ಕೂ ಆಗಬೇಕು. ಈ ಹಂತವನ್ನು ನೂರರಲ್ಲಿ ಎಷ್ಟು ಸಲ ಜನ ದಾಟುತ್ತಾರೆ? ನಿಮ್ಮ ಎದುರು ಕೂತದ್ದು ಮನುಷ್ಯನಾ, ಬಾಟ್ ಆ? ಈ ಆಟದಲ್ಲಿ ಯಾರಿಗೆ ಎಷ್ಟು ಆರು ಬಿತ್ತು? ಎಲ್ಲವೂ ಕಂಪನಿಗಳ ಬಳಿ ಇರುವ ಸಂಗತಿಗಳೇ.

ಕೊನೆಯದನ್ನು ನಾನೇ ಮಾಡಿ ನೋಡಿದೆ. ಒಂದಷ್ಟು ಭಾನುವಾರ ನೋಟ್‌ಬುಕ್ ಇಟ್ಟುಕೊಂಡು ದೊಡ್ಡಮ್ಮನ ಪ್ರತಿ ಗರಕ್ಕೂ ಗೀಟು ಹಾಕಿದೆ. ಆರಕ್ಕೆ ಒಂದರ ಹತ್ತಿರಹತ್ತಿರವೇ ಆರು ಬಿದ್ದಿತ್ತು. ಫೋನ್ ಮಾಡಿ ಹೇಳಿದೆ, ನಿಮಗೂ ನನ್ನಷ್ಟೇ ಬೀಳ್ತಿದೆ ದೊಡ್ಡಮ್ಮ, ಲೆಕ್ಕ ಇಟ್ಟಿದ್ದೀನಿ ಅಂತ.

"ಬೀಳೋದೇನೋ ಬೀಳ್ತದೆ ಕಣೋ," ಅಂದರು. "ಕಾಯಿ ಎಲ್ಲ ಮನೇಲಿ ಕೂತಿರೋವಾಗ ಬಿತ್ತಾ, ಅದನ್ನ ಬರ್ಕೊಂಡಿದ್ದೀಯಾ?"

ಅದನ್ನು ನಾನು ಬರೆದುಕೊಂಡಿರಲಿಲ್ಲ.